ಮೇಲೂರಿನ ಮಲ, ಕೆಳಗಿನೂರಿನ ಹೊಳೆ: ಪೊರೆ, ಜಲಗಾರ ಮತ್ತು ದಕ್ಷಿಣ ಪಿನಾಕಿನಿ

ನನಗಿಂತ ಮೊದಲು ಮಾತಾಡಿದವರು ಶಾಸನಗಳ ಬಗ್ಗೆ, ಗಡಿಯ ಶಾಲೆಗಳ ಬಗ್ಗೆ, ಹಾಡುಗಳ ಬಗ್ಗೆ ಹೇಳಿದ್ದಾರೆ. ನಾನು ಮನುಷ್ಯರ ಮಲಮೂತ್ರದ ಬಗ್ಗೆ, ಅದರಿಂದ ನೀರನ್ನೂ ಉರಿಯುವ ಅನಿಲವನ್ನೂ ವಾಪಸ್ ತೆಗೆಯುವ ಪ್ರಯತ್ನಗಳ ಚರಿತ್ರೆಯ ಬಗ್ಗೆ ಮಾತಾಡ್ತೀನಿ. ವಿಷಯ ಕಳಿಸಿದಾಗ "ಕನ್ನಡ ಎಂ.ಎ. ಓದೋರು ಇದನ್ನ ಯಾಕಮ್ಮ ಎತ್ಕೊಂಡೆ" ಅಂತ ಹಿರಿಯರೊಬ್ಬರು ಕೇಳಿದರು. ಕಾರಣ ಊರಿನದು. ನಾನು ಹೊಸೂರು ತಾಲ್ಲೂಕಿನವಳು. ನಮ್ಮ ಕಡೆ ಹೊಲಗಳಿಗೆ ನೀರು ಕೊಡುವ ಹೊಳೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಆ ನೀರು ಬೆಂಗಳೂರು ಬಳಸಿ ಬಿಟ್ಟದ್ದು.

ಮೊದಲು ಹೊಳೆಯ ದಾರಿ ಹೇಳಿಬಿಡ್ತೀನಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯಿಂದ ಇಳಿದು, ಬೆಂಗಳೂರಿನ ಪೂರ್ವಕ್ಕೆ ಹಾದು, ಕೊಡಿಯಾಲಂ ಬಳಿ ತಮಿಳುನಾಡಿಗೆ ಬರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನಿಂತು, ಮುಂದೆ ಕೃಷ್ಣಗಿರಿ ಜಲಾಶಯ ಸೇರಿ, ಕಡೆಗೆ ಕಡಲೂರಿನ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಗಡಿ ದಾಟಿದ ಮೇಲೆ ಅದರ ಹೆಸರು ತೆನ್‌ಪೆಣ್ಣೈ. ನಮ್ಮ ಮನೆಯಲ್ಲಿ ಎರಡು ಹೆಸರೂ ಇಲ್ಲ, ಬರೀ 'ಹೊಳೆ'.

ಇನ್ನು ಬೆಂಗಳೂರು. ಅದು ಕೂತಿರೋದು ದಿಬ್ಬದ ಮೇಲೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆ ಹಿಡಿದು, ಬೆಳ್ಳಂದೂರು, ವರ್ತೂರು ಮುಂತಾದ ಕೆರೆಗಳನ್ನು ದಾಟಿ ಪಿನಾಕಿನಿಗೆ. ಆದರೆ ಈ ಊರು ಕುಡಿಯೋದು ಕಾವೇರಿ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ನೀರು. 2024ರಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಸೇರಿಕೊಂಡಿತು. ಮನೆಗೆ ಬಂದ ನೀರಿನಲ್ಲಿ ಹತ್ತರಲ್ಲಿ ಎಂಟು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ಕಾವೇರಿ ನೀರು ಬೆಂಗಳೂರಿನವರ ಹೊಟ್ಟೆ, ಬಚ್ಚಲು, ಕಕ್ಕಸು ಹಾದು ಬಂದು ಪಿನಾಕಿನಿ ಆಗುತ್ತದೆ. ಒಂದು ನದಿಯ ನೀರು ಇನ್ನೊಂದು ನದಿಗೆ ಸೇರೋದಕ್ಕೆ ನಡುವಿನ ಕಾಲುವೆ ಮನುಷ್ಯರ ಮೈ.

ಇನ್ನೂ ಒಂದು ಮಾತಿದೆ. ಹೊಸೂರಿಗೆ ಕುಡಿಯುವ ನೀರು ಬರೋದು ಹೊಗೇನಕಲ್ ಯೋಜನೆಯಿಂದ. 2008ರಲ್ಲಿ ಅದರ ಹೆಸರಲ್ಲಿ ಎರಡೂ ರಾಜ್ಯಗಳಲ್ಲಿ ಗಲಾಟೆ ನಡೆದದ್ದು, 2013ರಲ್ಲಿ ಅದು ಉದ್ಘಾಟನೆ ಆದದ್ದು ನಿಮಗೆಲ್ಲ ಗೊತ್ತು. ಹೊಗೇನಕಲ್ ಇರೋದು ಸಂಗಮದ ಕೆಳಗೆ. ಹಾಗಾಗಿ ಬೆಂಗಳೂರಿನ ಪೂರ್ವದ ಕೊಳಚೆ ನಮ್ಮ ಹೊಲಕ್ಕೆ ಬರುತ್ತದೆ, ಪಶ್ಚಿಮದ್ದು ಕಾವೇರಿಯಲ್ಲಿ ಕರಗಿ, ಶುದ್ಧೀಕರಣ ಘಟಕ ದಾಟಿ, ನಮ್ಮ ನಲ್ಲಿಗೆ ಬರುತ್ತದೆ. ಶುದ್ಧ ಮಾಡಿಯೇ ಕೊಡುತ್ತಾರೆ, ಹೆದರಿಸೋದು ನನ್ನ ಉದ್ದೇಶ ಅಲ್ಲ. "ಮಲದಿಂದ ತೆಗೆದ ನೀರನ್ನ ಮನುಷ್ಯರು ಕುಡೀತಾರಾ" ಅನ್ನೋ ಪ್ರಶ್ನೆ ಕೇಳುವವರಿಗೆ ನದಿಯ ಕೆಳಗಿನ ಊರಿನವರು ಯಾವಾಗಲೋ ಉತ್ತರ ಕೊಟ್ಟಾಗಿದೆ ಅಂತ ಹೇಳ್ತಿದ್ದೀನಿ ಅಷ್ಟೆ.

ಮೂರು ಪದಗಳು

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನಾನು ಪದಗಳಿಂದ ಶುರು ಮಾಡಬೇಕು. ನಮ್ಮ ಕಡೆ 'ಕಕ್ಕಸು' ಅಂತೀವಿ, ತಮಿಳಿನಲ್ಲಿ 'ಕಕ್ಕೂಸ್'. ಇದು ದ್ರಾವಿಡ ಮೂಲದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಡಚ್ಚರ 'ಕಾಕ್‌ಹೌಸ್' ಪದ, ಕೋರಮಂಡಲ ತೀರದ ವ್ಯಾಪಾರದ ಜೊತೆ ಬಂದದ್ದು. ಕಟ್ಟಿಸಿದ ಶೌಚದ ಕೋಣೆ ಅನ್ನೋದು ನಮ್ಮ ಹಳ್ಳಿಗಳಿಗೆ ಎಷ್ಟು ಹೊರಗಿನದು ಅನ್ನೋದಕ್ಕೆ ಪದವೇ ಸಾಕ್ಷಿ. ಹಳ್ಳಿಯವರಿಗೆ ಇದ್ದದ್ದು 'ಬಯಲ ಕಡೆ ಹೋಗೋದು', 'ಚೆಂಬು ತಗೊಂಡು ಹೋಗೋದು'. ಕ್ರಿಯೆ ಇತ್ತು, ಕೋಣೆ ಇರಲಿಲ್ಲ. 2017ರಲ್ಲಿ ದಿವ್ಯಾ ಭಾರತಿ ಅವರು ಮಲ ಬಾಚುವವರ ಬಗ್ಗೆ ತಮಿಳಿನಲ್ಲಿ ಮಾಡಿದ ಸಾಕ್ಷ್ಯಚಿತ್ರದ ಹೆಸರೂ 'ಕಕ್ಕೂಸ್'.

ಎರಡನೆಯದು 'ಹೇಸಿಗೆ'. ಕನ್ನಡದಲ್ಲಿ ಅದು ವಸ್ತುವಿನ ಹೆಸರೂ ಹೌದು, ಆ ವಸ್ತುವನ್ನು ಕಂಡಾಗ ಮನಸ್ಸಿಗೆ ಆಗೋದರ ಹೆಸರೂ ಹೌದು. ಒಂದೇ ಪದದಲ್ಲಿ ಎರಡೂ ಅಂಟಿಕೊಂಡಿವೆ. 'ಮಲ' ಪದವನ್ನು ವೀರಶೈವ ಪರಿಭಾಷೆ ಇನ್ನೂ ಮೇಲಕ್ಕೆ ಎತ್ತಿಕೊಂಡು ಹೋಯಿತು: ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯ. ಜೀವಕ್ಕೆ ಅಂಟಿದ ಕೊಳೆ, ಕಳೆದುಕೊಳ್ಳಬೇಕಾದದ್ದು. ಕಳೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ ಅನ್ನೋ ಪ್ರಶ್ನೆ ತತ್ತ್ವಶಾಸ್ತ್ರಕ್ಕೆ ಬೇಕಿಲ್ಲ. ಹೊಳೆಯ ಕೆಳಗಿನವರಿಗೆ ಬೇಕು.

ಮೂರನೆಯದು 'ಜಲಗಾರ'. ಈ ಪದ ಕೇಳಿದ ಕೂಡಲೇ ನಮಗೆಲ್ಲ ನೆನಪಾಗೋದು 1928ರ ಕುವೆಂಪು ನಾಟಕ. ಎಲ್ಲರೂ ಜಾತ್ರೆಗೆ, ಗುಡಿಗೆ ಹೊರಟಾಗ ಬೀದಿ ಗುಡಿಸುತ್ತ ಉಳಿದವನ ಮುಂದೆ ಶಿವ ತಾನೂ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಅಲ್ಲಿ ಜಲಗಾರ ಅಂದರೆ ಝಾಡಮಾಲಿ. ಆದರೆ ಪದಕ್ಕೆ ಇನ್ನೊಂದು ಅರ್ಥವಿದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರನ್ನು, ಅಕ್ಕಸಾಲಿಗರ ಅಂಗಡಿಯ ಬೂದಿ, ಕಸ ತೊಳೆದು ಚೂರು ಪಾರು ಚಿನ್ನ ಹುಡುಕುತ್ತಿದ್ದವರನ್ನು ಜಲಗಾರರು ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಧಾರವಾಡ ಜಿಲ್ಲೆಯ ಇಂಗ್ಲಿಷ್ ದಾಖಲೆಗಳಲ್ಲೂ ಇವರ ಹೆಸರು ಬರುತ್ತದೆ. ಕೊಳೆಯನ್ನು ನೀರಲ್ಲಿ ಆಡಿಸಿ, ಬೇಡದ್ದನ್ನು ಹರಿಯಬಿಟ್ಟು, ಬೇಕಾದದ್ದನ್ನು ಉಳಿಸಿಕೊಳ್ಳುವ ಕೆಲಸ. ಇವತ್ತಿನ ತಂತ್ರಜ್ಞಾನ ಮಾಡಲು ಹೊರಟಿರುವುದು ಇದೇ ಕೆಲಸವನ್ನು, ಹಾಗಾಗಿ ನನಗೆ ಈ ಪದ ಸಿಕ್ಕಾಗ ನಿಧಿ ಸಿಕ್ಕ ಹಾಗಾಯಿತು. ನಾಟಕದ ಓದುಗಳಲ್ಲಿ ನಾವು ಶಿವನ ಬಗ್ಗೆ ಬಹಳ ಬರೆದಿದ್ದೇವೆ, ಗುಡಿಸಿದ ಕಸ ಎಲ್ಲಿಗೆ ಹೋಯಿತು ಅಂತ ಕೇಳಿದ್ದು ಕಡಿಮೆ.

ಮಾತುಂಗದಿಂದ ಬೆಂಗಳೂರಿಗೆ

ಮಲದಿಂದ ಉರಿಯುವ ಅನಿಲ ತೆಗೆಯೋದು ಹೊಸದಲ್ಲ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಡೊನಾಲ್ಡ್ ಕ್ಯಾಮರಾನ್ ಮುಚ್ಚಿದ ತೊಟ್ಟಿ ಕಟ್ಟಿ, ಅದರಿಂದ ಬಂದ ಅನಿಲದಲ್ಲಿ ದೀಪ ಉರಿಸಿದ. ಎರಡೇ ವರ್ಷಕ್ಕೆ, 1897ರಲ್ಲಿ, ಮುಂಬಯಿಯ ಮಾತುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಅದೇ ಬಗೆಯ ತೊಟ್ಟಿಗಳಿಗೆ ಅನಿಲ ಹಿಡಿಯುವ ಏರ್ಪಾಟು ಮಾಡಿದರು. ಆ ಅನಿಲದಿಂದ ಎಂಜಿನ್ ಓಡಿಸಿದ ದಾಖಲೆಯೂ ಇದೆ. ಈ ಕತೆಯನ್ನು ಜೈವಿಕ ಅನಿಲದ ಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ನಾನು ಓದುವಾಗ ತಡೆದು ನಿಂತದ್ದು ಜಾಗದ ಮೇಲೆ. ಪ್ರಯೋಗಕ್ಕೆ ಆರಿಸಿಕೊಂಡದ್ದು ಊರು ಹೊರಗಿಟ್ಟವರ ಮಲವನ್ನು. ಬಡಾವಣೆಯ ಗೃಹಸ್ಥರ ಮನೆಗಳಲ್ಲಿ ಆ ಕಾಲಕ್ಕೆ ಅಂಥ ಪ್ರಯೋಗ ನಡೆಸೋದು ಸುಲಭ ಇರಲಿಲ್ಲ ಅಂತ ಊಹಿಸಬಹುದು.

ಬೆಂಗಳೂರಿಗೆ ಈ ಚರಿತ್ರೆಯಲ್ಲಿ ದೊಡ್ಡ ಜಾಗ ಇದೆ, ಅದು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆಗೆ ಗಾಳಿ ಊದಿ, ತಳದಲ್ಲಿ ಕೂತ ಸೂಕ್ಷ್ಮಜೀವಿಗಳ ಕೆಸರನ್ನು ಎಸೆಯದೆ ಮತ್ತೆ ಮತ್ತೆ ಬಳಸುವ ವಿಧಾನ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ದೊಡ್ಡ ಊರುಗಳ ಕೊಳಚೆ ಘಟಕಗಳಲ್ಲಿ ಹೆಚ್ಚಿನವು ನಡೆಯೋದು ಇದೇ ತತ್ತ್ವದ ಮೇಲೆ. ಅವರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಇದೇ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಆಗಿನ ಜನರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್', ಪ್ರಾಧ್ಯಾಪಕರಾಗಿ ಬಂದರು. ಅವರ ಚಿಂತೆ ಸಾರಜನಕದ್ದು. ಹೊಲದ ಸತ್ವ ಅನ್ನವಾಗಿ ಊರಿಗೆ ಬರುತ್ತದೆ, ಊರಿನಿಂದ ಚರಂಡಿ ಹಿಡಿದು ಕಡಲಿಗೆ ಹೋಗಿಬಿಡುತ್ತದೆ, ಅದನ್ನು ಹೊಲಕ್ಕೆ ವಾಪಸ್ ಕೊಡಬೇಕು ಅನ್ನೋದು. ಮುಂದೆ 1939ರಲ್ಲಿ ಅದೇ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಆರೆಂಟು ತಿಂಗಳು ಬಿಟ್ಟು ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ಇಂದಿಗೂ 'ಬೆಂಗಳೂರು ವಿಧಾನ'.

ನಮ್ಮ ತಿಪ್ಪೆಗುಂಡಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ವ್ಯತ್ಯಾಸ ಒಂದೇ, ತಿಪ್ಪೆಗೆ ಸಗಣಿ ಹಾಕುವವರು ಮನೆಯವರೇ. ಆಚಾರ್ಯರ ಗುಂಡಿಗೆ ಮಲ ತಂದು ಹಾಕಬೇಕಾದವರು ಪುರಸಭೆಯ ಪೌರಕಾರ್ಮಿಕರು, ಬಕೆಟ್ಟಿನಲ್ಲಿ, ತಲೆಯ ಮೇಲೆ, ತಳ್ಳುಗಾಡಿಯಲ್ಲಿ. 'ಕಸದಿಂದ ರಸ' ಅನ್ನೋ ನುಡಿಗಟ್ಟು ಈಗ ಎಲ್ಲ ಗೋಡೆಗಳ ಮೇಲೂ ಇದೆ. ನನಗೆ ಅದನ್ನು ಕಂಡರೆ ಸ್ವಲ್ಪ ಸಿಟ್ಟು, ಯಾಕಂದರೆ ಕಸಕ್ಕೂ ರಸಕ್ಕೂ ನಡುವೆ ಒಬ್ಬ ಮನುಷ್ಯ ಇದ್ದಾನೆ, ಆ ಪ್ರಾಸದಲ್ಲಿ ಅವನಿಗೆ ಜಾಗ ಇಲ್ಲ. 1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತಿರೋದು 1973ರ ಬೂಸಾ ಪ್ರಕರಣದಿಂದ. ಅವರು ಒಂದು ಮಾತು ಹೇಳಿದ್ದಕ್ಕೆ ಆದ ಗಲಾಟೆಯ ಬಗ್ಗೆ ನಾವು ಎಷ್ಟೋ ಸೆಮಿನಾರು ಮಾಡಿದ್ದೇವೆ. ಅವರು ಮಾಡಿದ ಈ ಕೆಲಸ ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಲ್ಲೂ ಸರಿಯಾಗಿ ಬಂದಿಲ್ಲ. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ.

ಪೊರೆ

ಈಗ ಪೊರೆಗೆ ಬರ್ತೀನಿ. ಇಂಗ್ಲಿಷಿನ ಮೆಂಬ್ರೇನ್‌ಗೆ ನಮ್ಮಲ್ಲಿ 'ಪೊರೆ' ಅಂತ ಬಳಸ್ತಾರೆ, ಹಾವಿನ ಪೊರೆ, ಕಣ್ಣಿನ ಪೊರೆ ಇದ್ದ ಹಾಗೆ. 1748ರಲ್ಲಿ ನೊಲೆ ಎಂಬ ಫ್ರೆಂಚ್ ಪಾದ್ರಿ ಹಂದಿಯ ಮೂತ್ರಕೋಶದ ತೊಗಲನ್ನು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಬಿಗಿದು ನೀರಲ್ಲಿ ಮುಳುಗಿಸಿಟ್ಟ. ನೀರು ತೊಗಲಿನ ಮೂಲಕ ಒಳಗೆ ನುಗ್ಗಿ ತೊಗಲು ಉಬ್ಬಿತು. ನೀರು ದಾಟುತ್ತದೆ, ಮದ್ಯಸಾರ ಅಷ್ಟು ಸುಲಭಕ್ಕೆ ದಾಟಲ್ಲ. ಪೊರೆಯ ಚರಿತ್ರೆ ಶುರುವಾಗೋದೇ ಮೂತ್ರಕೋಶದಿಂದ ಅನ್ನೋದು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ.

ಆಮೇಲೆ ಇನ್ನೂರು ವರ್ಷ ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ಉಪ್ಪು ನೀರಿನ ಕಡೆಯಿಂದ ಒತ್ತಡ ಹಾಕಿದರೆ ನೀರು ಉಲ್ಟಾ ದಿಕ್ಕಿಗೆ ಹೋಗಿ ಸಿಹಿ ನೀರು ಸಿಗಬೇಕು ಅಂತ ಗೊತ್ತಿತ್ತು. ಆದರೆ ಪೊರೆಯಿಂದ ಹನಿ ಹನಿಯಾಗಿ ಬರೋದು ಯಾವ ಊರಿಗೂ ಸಾಲುತ್ತಿರಲಿಲ್ಲ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್ ಒಂದು ಉಪಾಯ ಕಂಡುಹಿಡಿದರು. ಪೊರೆಯ ಮೇಲ್ಮೈ ಮಾತ್ರ ಬಹಳ ತೆಳು ಮತ್ತು ದಟ್ಟ, ಅದರ ಕೆಳಗೆಲ್ಲ ಸ್ಪಂಜಿನ ಹಾಗೆ ಸಡಿಲ. ತಡೆಯುವ ಕೆಲಸ ಮೇಲಿನ ತೊಗಲಿನದು, ಒತ್ತಡ ತಾಳುವ ಕೆಲಸ ಕೆಳಗಿನದು. ನೀರಿನ ಹರಿವು ಮೊದಲಿಗಿಂತ ಹಲವು ಪಟ್ಟು ಹೆಚ್ಚಿತು. 1965ರಲ್ಲಿ ಕೊಲಿಂಗಾ ಎಂಬ ಸಣ್ಣ ಊರಿನಲ್ಲಿ ಅದರಿಂದ ಕುಡಿಯುವ ನೀರು ಕೊಟ್ಟರು. ಇವತ್ತು ನಮ್ಮ ಅಡುಗೆಮನೆಗಳಲ್ಲಿ ತೂಗುಹಾಕಿರುವ ಆರ್‌ಓ ಡಬ್ಬಿ ಆ ವಂಶದ್ದೇ.

ಕೊಳಚೆಗೆ ಈ ಪೊರೆ ಹಾಕೋದು ಕಷ್ಟ. ಕೆಸರು ಅಂಟಿ ಕಟ್ಟಿಕೊಳ್ಳುತ್ತದೆ. 1989ರಲ್ಲಿ ಜಪಾನಿನ ಕಜುಒ ಯಮಮೊಟೊ ಮತ್ತು ಸಂಗಡಿಗರು ಟೊಳ್ಳು ದಾರದಂಥ ಪೊರೆಗಳ ಗೊಂಚಲನ್ನು ಫೌಲರ್ ಕಾಲದ ಅದೇ ಕೆಸರಿನ ತೊಟ್ಟಿಯೊಳಗೇ ಮುಳುಗಿಸಿ, ಒಳಗಿಂದ ಮೆಲ್ಲಗೆ ಹೀರಿ ತೋರಿಸಿದರು. ಕೆಳಗಿನಿಂದ ಊದುವ ಗಾಳಿಯ ಗುಳ್ಳೆಗಳು ದಾರಗಳನ್ನು ಅಲುಗಾಡಿಸಿ ಕೆಸರು ಉದುರಿಸುತ್ತವೆ. ಈ ಪೊರೆಗಳ ರಂಧ್ರ ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸು, ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಉದ್ದ. ಹಾಗಾಗಿ ಅದು ಆಚೆಯೇ ಉಳಿಯುತ್ತದೆ. ಕರಗಿದ ಉಪ್ಪು, ಔಷಧಿಗಳ ಅಂಶ ಇದರಲ್ಲಿ ನಿಲ್ಲೋದಿಲ್ಲ, ಅದಕ್ಕೆ ಮುಂದೆ ಆರ್‌ಓ ಬೇಕು.

ಶಕ್ತಿಯ ಲೆಕ್ಕ ಸ್ವಲ್ಪ ಹೇಳಿ ಮುಂದೆ ಹೋಗ್ತೀನಿ. ಕೊಳಚೆಗೆ ಗಾಳಿ ಊದೋದಕ್ಕೆ ಬಹಳ ಕರೆಂಟು ಬೇಕು. ಗಾಳಿ ಇಲ್ಲದೆ ಮುಚ್ಚಿ ಕೊಳೆಸಿದರೆ ಮೀಥೇನ್ ಸಿಗುತ್ತದೆ. ಒಬ್ಬ ಮನುಷ್ಯ ಒಂದು ದಿನಕ್ಕೆ ಚರಂಡಿಗೆ ಬಿಡುವ ಸಾವಯವ ಕೊಳೆ ಪೂರ್ತಿ ಮೀಥೇನ್ ಆದರೆ ಸುಮಾರು 35 ಲೀಟರ್ ಆಗಬಹುದು. ಅದನ್ನು ಎಂಜಿನ್ನಿಗೆ ಹಾಕಿದರೆ ಸಿಗೋದು ಸುಮಾರು 0.1 ಯೂನಿಟ್ ವಿದ್ಯುತ್, ಹತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಹತ್ತು ಗಂಟೆ. ಇದು ಕಾಗದದ ಮೇಲಿನ ಗರಿಷ್ಠ, ನಿಜದಲ್ಲಿ ಇನ್ನೂ ಕಡಿಮೆ. ಒಬ್ಬರದು ಏನೂ ಅಲ್ಲ, ಒಂದು ಕೋಟಿ ಜನರದು ದಿನಕ್ಕೆ ಹತ್ತು ಲಕ್ಷ ಯೂನಿಟ್. ಗಾಳಿಯಿಲ್ಲದ ತೊಟ್ಟಿಗೇ ಪೊರೆ ಜೋಡಿಸಿ ಒಂದು ಕಡೆ ಅನಿಲ, ಇನ್ನೊಂದು ಕಡೆ ತಿಳಿ ನೀರು ತೆಗೆಯುವ ಸಂಶೋಧನೆ ಈಗ ಬಹಳ ನಡೀತಿದೆ. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಚರಂಡಿಯೇ ಬೇಡದ ಒಂದು ಶೌಚಾಲಯವನ್ನು ರೂಪಿಸಿದರು. ಅದರಲ್ಲಿ ನೀರು ಪೊರೆ ದಾಟಿ ಬೇರೆಯಾಗುತ್ತದೆ, ಘನ ಭಾಗ ಅಲ್ಲೇ ಉರಿದು ಯಂತ್ರಕ್ಕೆ ಶಕ್ತಿ ಕೊಡುತ್ತದೆ. ನೋಡೋದಕ್ಕೆ ಬಹಳ ಚಂದದ ಕಲ್ಪನೆ. ಹಳ್ಳಿಯ ಮನೆಯಲ್ಲಿ ಅದು ಕೆಟ್ಟು ನಿಂತರೆ ಯಾರು ಬಿಚ್ಚುತ್ತಾರೆ ಅನ್ನೋದೇ ನನ್ನ ಅನುಮಾನ.

ಊರಿಗೂರೇ ಇದನ್ನು ಕುಡಿದ ಉದಾಹರಣೆಗಳಿವೆ. ನಮೀಬಿಯಾದ ವಿಂಡ್‌ಹುಕ್ 1968ರಿಂದ ಕೊಳಚೆಯನ್ನು ಶುದ್ಧ ಮಾಡಿ ನೇರವಾಗಿ ಕುಡಿಯುವ ನೀರಿಗೆ ಸೇರಿಸುತ್ತಿದೆ, 2002ರ ಹೊಸ ಘಟಕದಲ್ಲಿ ಪೊರೆಯೂ ಬಂತು. ಸಿಂಗಪುರ 2003ರಲ್ಲಿ 'ನ್ಯೂವಾಟರ್' ಅಂತ ಹೆಸರಿಟ್ಟು ಹಂಚಿತು. ಹೆಸರಿನಲ್ಲೇ ಅರ್ಧ ಕೆಲಸ ಆಯಿತು ನೋಡಿ, ಹೇಸಿಗೆಯನ್ನು ಪದದಿಂದಲೇ ತೊಳೆದರು. ನಮ್ಮ ಪಕ್ಕದ ಚೆನ್ನೈ 2019ರಲ್ಲಿ ಕೊಡುಂಗೈಯೂರು ಮತ್ತು ಕೊಯಂಬೇಡುಗಳಲ್ಲಿ ದಿನಕ್ಕೆ ತಲಾ 45 ದಶಲಕ್ಷ ಲೀಟರಿನ ಆರ್‌ಓ ಘಟಕಗಳನ್ನು ತೆರೆದು ಆ ನೀರನ್ನು ಕಾರ್ಖಾನೆಗಳಿಗೆ ಕೊಡುತ್ತಿದೆ.

ಯಾರಿಗೆ ಯಾವ ನೀರು

ಇಷ್ಟೆಲ್ಲ ಹೇಳಿದ್ದು ಈ ಪ್ರಶ್ನೆಗೆ ಬರೋದಕ್ಕೆ. ಬೆಂಗಳೂರಿನಲ್ಲಿ ತಂತ್ರಜ್ಞಾನ ಇಲ್ಲದೆ ಇಲ್ಲ. ಒಳ್ಳೆಯ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಪೊರೆಯ ಘಟಕಗಳಿವೆ, ಆ ನೀರಿನಲ್ಲಿ ತೋಟ ನಗುತ್ತದೆ. ನಗರದ ಒಳಗೆ ಬಳಸುವ ನೀರಿಗೆ ಪೊರೆ ಇದೆ, ನಗರ ಬಿಟ್ಟು ಹೋಗುವ ನೀರಿಗೆ ಅಷ್ಟು ಅಕ್ಕರೆ ಇಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿಸಿದ ಕೊಳಚೆಯನ್ನು ನೂರಕ್ಕೂ ಹೆಚ್ಚು ಒಣ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಬಂದ ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ್ದು. ಮುಂದಿನ ತಿಂಗಳೇ ಕೋಲಾರದಲ್ಲಿ ನೊರೆ ಕಂಡಿತು. ಮೂರನೇ ಹಂತ ಬೇಕು ಅಂತ ಅಲ್ಲಿನ ರೈತ ಹೋರಾಟಗಾರರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದೇ ಸಮಯಕ್ಕೆ ಕೆರೆ ತುಂಬಿದ್ದರಿಂದ ಕೊಳವೆಬಾವಿಗಳಿಗೆ ಜೀವ ಬಂತು ಅಂತ ಸಂತೋಷಪಟ್ಟ ರೈತರೂ ಕೋಲಾರದಲ್ಲೇ ಇದ್ದಾರೆ. ಎರಡೂ ನಿಜ ಅಂತ ನನ್ನ ಅಭಿಪ್ರಾಯ. ಆದರೆ ಗಮನಿಸಿ, ಕೋಲಾರದವರು ಬೆಂಗಳೂರಿನ ಸರ್ಕಾರಕ್ಕೆ ವೋಟು ಹಾಕುವವರು. ಅವರಿಗೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಶಾಸಕರಿದ್ದಾರೆ, ವರದಿ ಬರೆಯುವ ಪತ್ರಿಕೆಗಳಿವೆ.

ಹೊಸೂರಿಗೆ ಬರುವ ನೀರಿಗೆ ಯೋಜನೆಯ ಹೆಸರೇ ಇಲ್ಲ. ಅದು ಇಳಿಜಾರು ಹಿಡಿದು ತಾನೇ ಬರುತ್ತದೆ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ, ಮತ್ತೆ 2017, 2018ರಲ್ಲಿ ಹೊಗೆ ಎದ್ದಾಗ ದೇಶವೆಲ್ಲ ಫೋಟೊ ನೋಡಿತು. ಅದೇ ನೀರಿನ ಮುಂದಿನ ನಿಲ್ದಾಣ ಕೆಲವರಪಳ್ಳಿ. ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆಗೆದಾಗ ಹೊಳೆಯ ತುಂಬ ಬಿಳಿ ನೊರೆ ಹತ್ತಿ ಹಿಂಜಿದ ಹಾಗೆ ಎದ್ದು, ಗಾಳಿಗೆ ಹಾರಿ ಹೊಲದ ಮೇಲೆ ಬೀಳುತ್ತದೆ. ಸೋಪು, ಡಿಟರ್ಜೆಂಟಿನ ಅಂಶ ಕೊಳೆಯದೆ ಉಳಿದು, ನೀರು ಎತ್ತರದಿಂದ ಬಿದ್ದಾಗ ಕಡೆದಂತಾಗಿ ಆಗುವ ನೊರೆ. ನಮ್ಮ ತಾತ ಹೇಳೋ ಪ್ರಕಾರ ಅವರು ಹುಡುಗರಾಗಿದ್ದಾಗ ಬೇಸಿಗೆಯಲ್ಲಿ ಹೊಳೆ ಬರೀ ಮರಳು, ಒರತೆ ತೋಡಿ ಚೊಂಬಿನಲ್ಲಿ ಮೊಗೆದು ಕುಡೀತಿದ್ದರು. ಈಗ ವರ್ಷವಿಡೀ ನೀರು, ಕೈ ತೊಳೆಯೋದಕ್ಕೂ ಆಗಲ್ಲ. "ಕುಡಿಯೋ ಹಾಗಿದ್ದಾಗ ಇರ್ಲಿಲ್ಲ, ಇರೋವಾಗ ಕುಡಿಯೋ ಹಾಗಿಲ್ಲ ಕಣಮ್ಮ" ಅಂತಾರೆ. ಆದರೆ ಅದೇ ನೀರಿನಲ್ಲಿ ಟೊಮೇಟೊ, ಕೋಸು, ಹೂವು ಬೆಳೆದು ಮಾರಿ ಮನೆ ಕಟ್ಟಿದವರೂ ನಮ್ಮ ಸುತ್ತ ಇದ್ದಾರೆ. ಆ ತರಕಾರಿ, ಆ ಹೂವು ಹೋಗೋದು ಎಲ್ಲಿಗೆ ಅಂತ ಕೇಳಿದರೆ, ಹೆಚ್ಚಿನದು ಬೆಂಗಳೂರಿಗೇ. ಫೌಲರ್ ಬಯಸಿದ ಚಕ್ರ ಒಂದು ರೀತಿಯಲ್ಲಿ ಪೂರ್ತಿ ಆಯಿತು, ಅವರು ಬಯಸಿದ ರೀತಿಯಲ್ಲಿ ಅಲ್ಲ.

ಇಲ್ಲಿ ಗಡಿಯ ಚರಿತ್ರೆ ಬೇಕಾಗುತ್ತದೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ ಒಪ್ಪಂದ ಆಯಿತು. ಕಾವೇರಿಯ ಜೊತೆ ದಕ್ಷಿಣ ಪಿನಾಕಿನಿಯೂ ಅದರ ಪಟ್ಟಿಯಲ್ಲಿದೆ. ಮೇಲಿನವರು ಕೆಳಗಿನವರ ಒಪ್ಪಿಗೆ ಇಲ್ಲದೆ ಹೊಸ ಅಣೆ, ಹೊಸ ಕೆರೆ ಕಟ್ಟಬಾರದು ಅನ್ನೋದು ಅದರ ತಿರುಳು. ಅಂದರೆ ಆ ಕಾಲದ ಭಯ ಮೇಲಿನವರು ನೀರು ತಡೆದುಬಿಡುತ್ತಾರೆ ಅನ್ನೋದು. ನೀರು ಜಾಸ್ತಿ ಬಿಡುತ್ತಾರೆ, ಕೊಳೆತದ್ದನ್ನು ಬಿಡುತ್ತಾರೆ ಅನ್ನೋದು ಯಾರ ಕಲ್ಪನೆಗೂ ಬಂದಿರಲಿಲ್ಲ. ಇವತ್ತಿಗೂ ಪೆಣ್ಣೈಯಾರು ವ್ಯಾಜ್ಯ ಅಂದರೆ ಪತ್ರಿಕೆಗಳಲ್ಲಿ ಬರೋದು ಎಷ್ಟು ಟಿಎಂಸಿ, ಯಾವ ಅಣೆಕಟ್ಟು ಅನ್ನೋದೇ. ಅಳತೆಗೆ ಜಗಳ ಇದೆ, ಗುಣಕ್ಕೆ ಜಗಳ ಕಡಿಮೆ.

1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡಣೆ ಆದಾಗ ಹೊಸೂರು ಆ ಕಡೆ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರನ್ನೂ ಬೀದಿಯಲ್ಲಿ ಆಡುವ ಸೀಮೆ ನಮ್ಮದು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನನ್ನ ತಮ್ಮನ ವಯಸ್ಸಿನವರು ಶಾಲೆಯಲ್ಲಿ ತಮಿಳಿನಲ್ಲೇ ಓದಿದ್ದಾರೆ. ತಾತನಿಗೆ ತಮಿಳು ಓದೋಕೆ ಬರಲ್ಲ. ತಮ್ಮನಿಗೆ ಕನ್ನಡ ಓದೋಕೆ ತಡವರಿಕೆ. ನೀರಿನ ಬಗ್ಗೆ ಒಂದು ನೋಟಿಸು ಬಂದರೆ ಮನೆಯಲ್ಲಿ ಇಬ್ಬರು ಸೇರಿ ಓದಬೇಕು. ಮೇಲಿನ ರಾಜ್ಯದ ವರದಿ ಒಂದು ಭಾಷೆಯಲ್ಲಿ, ಕೆಳಗಿನದು ಇನ್ನೊಂದರಲ್ಲಿ, ಕೋರ್ಟಿನದು ಇಂಗ್ಲಿಷಿನಲ್ಲಿ.

ಹೊರನಾಡ ಕನ್ನಡದ ಬರವಣಿಗೆಯಲ್ಲಿ ನಾವು ಕರ್ನಾಟಕವನ್ನು 'ತವರು' ಅಂತ ಕರೆದುಕೊಂಡು ಬಂದಿದ್ದೇವೆ. ತವರಿನಿಂದ ಪುಸ್ತಕ ಬರಲಿಲ್ಲ, ಮೇಷ್ಟ್ರು ಬರಲಿಲ್ಲ, ಸಿನಿಮಾ ಬರಲಿಲ್ಲ ಅಂತ ಬೇಸರ ಪಟ್ಟಿದ್ದೇವೆ. ತಪ್ಪದೆ ಪ್ರತಿ ದಿನ ಬರ್ತಿರೋದು ಈ ಹೊಳೆಯ ಬಾಗಿನ. ಅದರ ಬಗ್ಗೆ ನಮ್ಮ ಗಡಿ ಸಾಹಿತ್ಯದಲ್ಲಿ ಎಷ್ಟು ಕಡಿಮೆ ಇದೆ ಅನ್ನೋದು ನನಗೆ ಆಶ್ಚರ್ಯ. ಹೇಸಿಗೆ ಅನ್ನೋ ಪದದ ಎರಡು ಅರ್ಥ ಒಂದಕ್ಕೊಂದು ಅಂಟಿಕೊಂಡಿರೋದೇ ಇದಕ್ಕೆ ಕಾರಣ ಇರಬಹುದು. ಪಕ್ಷಪಾತ ಬೇಡ ಅಂತ ಇದನ್ನೂ ಸೇರಿಸ್ತೀನಿ: ಹೊಸೂರು ಈಗ ಕಾರ್ಖಾನೆಗಳ ಊರು, 2019ರಿಂದ ಮಹಾನಗರ ಪಾಲಿಕೆ. ಕೃಷ್ಣಗಿರಿಯವರಿಗೆ ನಾವೇ ಮೇಲೂರಿನವರು.

ಸಂವಾದ

ಪ್ರಬಂಧದ ನಂತರ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಉಳಿಸಿಕೊಂಡಿದ್ದೇನೆ. ಸೊಲ್ಲಾಪುರದ ಕಡೆಯಿಂದ ಸೇರಿದ್ದ ಗೆಳೆಯರೊಬ್ಬರು ಕೇಳಿದರು: "ಎಲ್ಲಾ ಘಟಕಕ್ಕೂ ಪೊರಿ ಹಾಕಿಬಿಟ್ರ ಮುಗೀತಲ್ಲ ಅಕ್ಕಾ, ಮತ್ತೇನು ಉಳೀತದ?"

ಎರಡು ವಿಷಯ ಉಳಿಯುತ್ತವೆ. ಒಂದು, ಆರ್‌ಓ ಪೊರೆ ನೀರನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಶುದ್ಧ ನೀರು. ಇನ್ನೊಂದು ಪಾಲಿನಲ್ಲಿ ತಡೆದ ಉಪ್ಪು, ರಾಸಾಯನಿಕ ಎಲ್ಲ ಮೊದಲಿಗಿಂತ ಗಟ್ಟಿಯಾಗಿ ಸೇರಿಕೊಂಡಿರುತ್ತದೆ. ಚೆನ್ನೈ, ಸಿಂಗಪುರಗಳಿಗೆ ಕಡಲಿದೆ. ಬೆಂಗಳೂರು ಕಡಲಿನಿಂದ ದೂರ, ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ಎರಡನೇ ಪಾಲನ್ನು ಒಣಗಿಸಿ ಉಪ್ಪು ಮಾಡದೆ ಚರಂಡಿಗೆ ಬಿಟ್ಟರೆ ಅದೂ ನಮ್ಮ ಹೊಳೆಗೇ ಬರುತ್ತದೆ. ಒಣಗಿಸೋದಕ್ಕೆ ಶಕ್ತಿ ಬೇಕು, ದುಡ್ಡು ಬೇಕು. ಹಾಗಾಗಿ ಪೊರೆ ಹಾಕಿದರಾ ಅಂತ ಕೇಳೋದರ ಜೊತೆಗೆ ಪೊರೆ ತಡೆದದ್ದನ್ನು ಎಲ್ಲಿಗೆ ಕಳಿಸಿದಿರಿ ಅಂತ ಕೇಳಬೇಕು. ಮರಳು ತೊಳೆದ ಜಲಗಾರ ಚಿನ್ನ ಇಟ್ಟುಕೊಂಡು ಉಳಿದದ್ದನ್ನು ಹಳ್ಳಕ್ಕೆ ಬಿಡುತ್ತಿದ್ದ. ಅವನು ಬಿಟ್ಟದ್ದು ಬರೀ ಮರಳು.

ಎರಡು, ಪೊರೆ ಕಟ್ಟಿಕೊಳ್ಳುತ್ತದೆ. ಅದನ್ನು ರಾಸಾಯನಿಕ ಹಾಕಿ ತೊಳೆಯಬೇಕು, ಕೆಲವು ವರ್ಷಕ್ಕೆ ಬದಲಾಯಿಸಬೇಕು, ತೊಟ್ಟಿ ಖಾಲಿ ಮಾಡಿ ಕೆಸರು ತೆಗೆಯಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೊಳಚೆ ಘಟಕಗಳ ತೊಟ್ಟಿಗೆ ಇಳಿದು ವಿಷಾನಿಲಕ್ಕೆ ಸಿಕ್ಕಿ ಸತ್ತವರ ಸುದ್ದಿ ನೀವೂ ಓದಿರುತ್ತೀರಿ, 2013ರ ಕಾಯ್ದೆ ಬಂದ ಮೇಲೆಯೂ. ನಾವು ಬಲ್ಬು ಉರಿಸಬಹುದು ಅಂತ ಲೆಕ್ಕ ಹಾಕಿದ ಅನಿಲದ ಜೊತೆಗೇ ಹುಟ್ಟುವ ಇನ್ನೊಂದು ಅನಿಲ, ಹೈಡ್ರೋಜನ್ ಸಲ್ಫೈಡ್, ಅವರನ್ನು ಕೊಂದದ್ದು. ಆ ಸುದ್ದಿಗಳನ್ನು ನಾನು ಈಗ ಒಂದೊಂದಾಗಿ ಸಂಗ್ರಹಿಸುತ್ತಿದ್ದೇನೆ, ಊರು, ವರ್ಷ, ತೊಟ್ಟಿಯ ಬಗೆ, ಸತ್ತವರು ಯಾವ ಕಡೆಯಿಂದ ಕೆಲಸಕ್ಕೆ ಬಂದವರು ಅಂತ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಗೆಳೆಯರ ಹತ್ತಿರ ನಿಮ್ಮೂರಿನಿಂದ ಇಂಥ ಕೆಲಸಕ್ಕೆ ಹೋದವರ ಮಾತುಕತೆ, ಧ್ವನಿಮುದ್ರಣ ಏನಾದರೂ ಇದ್ದರೆ ಸೆಮಿನಾರು ಮುಗಿದ ಮೇಲೆ ದಯವಿಟ್ಟು ನನಗೆ ತಿಳಿಸಿ.